ಬಿಚ್ಚಿಕೊಳ್ಳದ ತಿರುಪು

ನಮ್ಮ ಸೀಮೆಯ ಊರುಗಳಲ್ಲಿ ಮನೆಯ ವಸ್ತು ಕೆಟ್ಟರೆ ಮನೆಯವರ ಕೈಯೇ ಅದನ್ನು ಸರಿಮಾಡಬೇಕು. ಹೊರಗಿನವರು ಎಷ್ಟೇ ಚೆನ್ನಾಗಿ ಮಾಡಿದರೂ ಅದು ಒಂದು ರಾತ್ರಿಯ ಮಟ್ಟಿಗೆ. ಬೆಳಗಾಗುವಷ್ಟರಲ್ಲಿ ಅವರು ಬಿಗಿದ ತಿರುಪುಗಳೆಲ್ಲ ತಾವಾಗಿಯೇ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿರುತ್ತವೆ. ಹಾಗಾಗಿ ನಮ್ಮಲ್ಲಿ ರಿಪೇರಿ ಮಾಡುವವರಿಲ್ಲ, ರಿಪೇರಿ ಹೇಳುವವರಿದ್ದಾರೆ. ಅವರು ಬಂದು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೂರುತ್ತಾರೆ. ಹೊಸಿಲು ದಾಟುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ. ಹೊರಗಿನಿಂದ ಅವರು ಹೇಳುತ್ತಾ ಹೋದಂತೆ ಒಳಗೆ ಮನೆಯವರು ಬಿಚ್ಚುತ್ತಾ, ಬಿಗಿಯುತ್ತಾ ಹೋಗುತ್ತಾರೆ.

ಆಯಾ ಮನೆಯಲ್ಲೇ ಹುಟ್ಟಿದ ಗಂಡಸರಿಗೆ ಇದರಲ್ಲಿ ಯೋಚನೆಯೇ ಇಲ್ಲ. ಕಷ್ಟವಿರುವುದು ಮದುವೆಯಾಗಿ ಬಂದವರಿಗೆ. ಸೊಸೆಯ ಕೈ ಯಾವಾಗ ಆ ಮನೆಯ ಕೈಯಾಗುತ್ತದೆ ಎಂಬುದು ಯಾರಿಗೂ ತಿಳಿಯದು. ಕೆಲವರಿಗೆ ಬಂದ ವಾರದಲ್ಲೇ ಆಗುತ್ತದೆ, ಕೆಲವರಿಗೆ ಕೊನೆಯವರೆಗೂ ಆಗುವುದಿಲ್ಲ. ‘ನಿನಗೆ ಕೈ ಬಂತಾ?’ ಎಂದು ಒಬ್ಬ ಹೆಂಗಸನ್ನು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೀಗಾಗಿ ಹೆಚ್ಚಿನವರು ತಿರುಪುಳಿಯ ತಂಟೆಗೇ ಹೋಗದೆ, ಗೊತ್ತುಮಾಡಿಕೊಳ್ಳದೆ ಬದುಕಿಬಿಡುತ್ತಾರೆ. ನಾನೂ ಹಾಗೆಯೇ ಬದುಕಿದ್ದೆ.

ಮದುವೆಯಾದ ಹೊಸದರಲ್ಲಿ ಒಮ್ಮೆ ತವರಿಗೆ ಹೋದಾಗ ಅಮ್ಮನ ಗೋಡೆ ಗಡಿಯಾರ ನಿಂತಿತ್ತು. ಅಭ್ಯಾಸದ ಮೇಲೆ ಬಿಚ್ಚಿ ಸರಿಮಾಡಿದೆ. ಅದು ಮರುದಿನವೂ ನಡೆಯಿತು, ಅದರ ಮರುದಿನವೂ ನಡೆಯಿತು. ಸಂತೋಷವಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರ ಅದರ ಅರ್ಥ ಹೊಳೆಯಿತು. ಒಬ್ಬರ ಕೈ ಎರಡು ಮನೆಗೆ ನಡೆದದ್ದನ್ನು ಯಾರೂ ಕಂಡಿಲ್ಲ. ಅದು ಅಲ್ಲಿದೆ ಎಂದರೆ ಇಲ್ಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಅಮ್ಮ ಹೋದ ನಂತರ, ಅಣ್ಣನ ಮನೆಯಾಗಿದ್ದ ಅದೇ ಮನೆಯಲ್ಲಿ ಹಿತ್ತಲ ಬಾಗಿಲಿನ ಚಿಲಕ ಬಿಗಿದೆ. ಬೆಳಿಗ್ಗೆ ಎದ್ದಾಗ ತಿರುಪುಗಳು ಹೊಸಿಲ ಬಳಿ ಬಿದ್ದಿದ್ದವು. ಯಾರೂ ಏಳುವ ಮೊದಲು ಅವನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಅಲ್ಲಿಂದ ಹೊರಟ ನನ್ನ ಕೈ ಇಲ್ಲಿಗೆ ಬಂದಿತೋ, ದಾರಿಯಲ್ಲಿ ಎಲ್ಲಾದರೂ ಉಳಿದುಹೋಯಿತೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ.

ನೋಡುವ ಅಗತ್ಯವೂ ಬರಲಿಲ್ಲ. ನನ್ನ ಗಂಡ ರುದ್ರೇಶ ಈ ಮನೆಯಲ್ಲೇ ಹುಟ್ಟಿದವರು. ಪಂಪು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲವೂ ಅವರ ಕೈಗೆ ನಾಯಿಮರಿಯ ಹಾಗೆ ವಿಧೇಯವಾಗಿದ್ದವು. ನಾನು ಟಾರ್ಚ್ ಹಿಡಿಯುತ್ತಿದ್ದೆ. ಈಚೆಗೆ ಎರಡು ವರ್ಷದಿಂದ ಅವರ ಕೈ ನಡುಗತೊಡಗಿದೆ. ಚಹಾದ ಲೋಟವನ್ನೇ ಅರ್ಧ ತುಂಬಿಸಿ ಕೊಡಬೇಕು. ಮಗಳು ಸಿಂಚನಳ ಕೈ ಮದುವೆಯಾದ ತಿಂಗಳಿಗೇ ಅವಳ ಮನೆಗೆ ಹೋಯಿತು. ನಮ್ಮ ಬಚ್ಚಲ ನಲ್ಲಿ ಬಿಗಿದು ಮಲಗಿದವಳು ಬೆಳಿಗ್ಗೆ ತೊಟ್ಟಿಕ್ಕುವ ಸದ್ದಿಗೆ ಎದ್ದು, ‘ಅಮ್ಮಾ, ನನ್ನ ಕೈ ಇಲ್ಲಿಂದ ಹೋಯ್ತಮ್ಮಾ’ ಎಂದು ಅತ್ತಳು. ನಾನು ಅವಳ ತಲೆ ನೇವರಿಸುತ್ತಾ ಒಳಗೊಳಗೇ ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಅವಳಿಗೆ ಗೊತ್ತಾಗಿಬಿಟ್ಟಿತ್ತಲ್ಲ!

ಹೀಗಿರುವಾಗ ನನ್ನ ಕಂಪ್ಯೂಟರು ಕೆಟ್ಟಿತು.

ನಾನು ಸೀರೆಯ ಅಂಚಿನ ನಮೂನೆ ಬರೆಯುವವಳು. ನಮ್ಮ ಊರಿನ ಮಗ್ಗಗಳಿಗೆ ಹೂವು, ಹಂಸ, ಗೋಪುರ, ಬಳ್ಳಿ ಎಲ್ಲವನ್ನೂ ಪುಟ್ಟ ಪುಟ್ಟ ಚೌಕಗಳಲ್ಲಿ ತುಂಬಿ ಕೊಡುತ್ತೇನೆ. ಮೊದಲು ಕಾಗದದ ಮೇಲೆ ಮಾಡುತ್ತಿದ್ದೆ, ಆಮೇಲೆ ಈ ಯಂತ್ರದಲ್ಲಿ. ಇಷ್ಟು ವರ್ಷ ನನ್ನ ತಲೆಯಿಂದ ಬಂದ ಅಂಚುಗಳೆಲ್ಲ ಅದರೊಳಗೇ ಇದ್ದವು. ಬೇರೆ ಕಡೆಯೂ ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಮೇಲೆ ಹೇಳಲು ಎಲ್ಲರಿಗೂ ಬರುತ್ತದೆ.

ಆ ದಿನ ಗುಂಡಿ ಒತ್ತಿದೆ. ಹಸಿರು ದೀಪ ಬಂತು. ಒಳಗೆ ಫ್ಯಾನು ತಿರುಗಿತು. ‘ಕುಂಯ್’ ಎಂದು ಉದ್ದಕ್ಕೆ ಒಂದು ತೆಳ್ಳಗಿನ ಸದ್ದು ಬಂತು, ಸ್ವಲ್ಪ ನಿಂತಿತು, ಮತ್ತೆ ಬಂತು. ಪರದೆ ಮಾತ್ರ ಕಪ್ಪಗೇ ಇತ್ತು. ಆರಿಸಿ ಮತ್ತೆ ಒತ್ತಿದೆ. ಅದೇ ದೀಪ, ಅದೇ ಕೂಗು, ಅದೇ ಕಪ್ಪು.

ರುದ್ರೇಶ ತಮ್ಮ ತಗಡಿನ ಡಬ್ಬಿಯಿಂದ ತಿರುಪುಳಿ ತೆಗೆದು ಕೂತರು. ಅದರ ತುದಿ ತಿರುಪಿನ ತಲೆಯ ಸೀಳಿನ ಸುತ್ತಲೂ ಟಕಟಕ ಬಡಿಯಿತೇ ಹೊರತು ಒಳಗೆ ಕೂರಲಿಲ್ಲ. ಅವರು ಎಡಗೈಯಿಂದ ಬಲಗೈ ಹಿಡಿದುಕೊಂಡು ನೋಡಿದರು. ಕೊನೆಗೆ ತಿರುಪುಳಿಯನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡದೆ, “ಬನು, ನೀನೇ ನೋಡ್ತೀಯಾ?” ಎಂದರು. ಇಪ್ಪತ್ತೇಳು ವರ್ಷದಲ್ಲಿ ಈ ಮಾತನ್ನು ಅವರು ಆಡಿದ್ದು ಅದೇ ಮೊದಲು.

ಅತ್ತೆ ಚೌಡಮ್ಮ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರ ಕನ್ನಡಕದ ಒಂದು ಕಡ್ಡಿ ಎಂದೋ ಕಳಚಿಹೋಗಿ, ಅಲ್ಲಿಂದ ಕಿವಿಗೆ ಕಪ್ಪು ದಾರ ಸುತ್ತಿಕೊಂಡಿದ್ದರು. ಆ ದಾರವನ್ನು ನೋಡಿ ನೋಡಿ ಅದು ಅವರ ಮುಖದ್ದೇ ಒಂದು ಭಾಗ ಎನ್ನುವಷ್ಟು ನಮಗೆ ರೂಢಿಯಾಗಿತ್ತು.

“ಯಾಕೆ ಬೇಕು ಈ ವಯಸ್ಸಲ್ಲಿ?” ಎಂದರು ಅತ್ತೆ, ತಲೆಯೆತ್ತದೆ. “ಗೊತ್ತಿಲ್ದೇ ಇದ್ರೆ ಚೆಂದ ಇರುತ್ತೆ.”

“ಅತ್ತೆ, ನನ್ನ ಅಂಚುಗಳೆಲ್ಲ ಇದರೊಳಗಿವೆ.”

“ಅಂಚು ಇನ್ನೊಂದು ಬರೀಬಹುದು ಕಣೆ.”

ಅವರು ಹೇಳದೆ ಉಳಿಸಿದ್ದು ನನಗೆ ಕೇಳಿಸಿತು. ಕೈ ಬಂದಿಲ್ಲ ಎಂದು ಊರಿಗೆಲ್ಲ ಗೊತ್ತಾದರೆ ಅದನ್ನು ಅಳಿಸಿ ಬರೆಯಲಾಗುವುದಿಲ್ಲ.

ಆದರೂ ಹೇಳುವವನನ್ನು ಕರೆಸಿದೆ. ನಮ್ಮ ಬೀದಿಗೆಲ್ಲ ಕಾಶೀಪತಿಯೇ ಹೇಳುವವನು. ಬಿಳಿ ಪಂಚೆ, ತೋಳಿಲ್ಲದ ಕೋಟು, ಗಂಟಲಲ್ಲಿ ಹಿತ್ತಾಳೆ ಗಂಟೆಯಂಥ ದನಿ. ಅವನು ಕೂತ ಜಗಲಿಯ ಮುಂದೆ ಕೆಲಸವಿಲ್ಲದವರು ನಿಲ್ಲುವುದು ವಾಡಿಕೆ. ಅವತ್ತು ಕೆಲಸವಿದ್ದವರೂ ನಿಂತರು. ಎದುರುಮನೆಯ ತಾಯಕ್ಕ ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ನಮ್ಮ ಗೇಟಿಗೆ ಒರಗಿದಳು.

“ಯಾರು ಕೂತಿರೋದು? ರುದ್ರೇಶಪ್ಪನಾ?” ಎಂದ ಕಾಶೀಪತಿ.

“ನಾನು, ಬನಶಂಕರಿ.”

ತಾಯಕ್ಕ ಕೊಡವನ್ನು ನೆಲಕ್ಕಿಳಿಸಿದಳು. ಕಾಶೀಪತಿ ಗಂಟಲು ಸರಿಮಾಡಿಕೊಂಡು, “ಆಗ್ಲಿ ತಾಯಿ. ಮೊದಲು ಗೋಡೆಯ ಪ್ಲಗ್ಗು ನೋಡಿ. ಅದೇ ಪ್ಲಗ್ಗಿಗೆ ಮಿಕ್ಸಿ ಹಾಕಿ” ಎಂದ.

ಹಾಕಿದೆ. ಮಿಕ್ಸಿ ಗರ್ರ್ ಎಂದಿತು. ಹೊರಗೆ ಯಾರೋ “ಚಟ್ನಿ ಆಗ್ಲಿ ಮೊದ್ಲು” ಎಂದು ನಕ್ಕರು.

“ಪರದೆಯ ವೈರು?”

ಎರಡೂ ತುದಿ ಕಿತ್ತು, ಊದಿ, ಮತ್ತೆ ಒತ್ತಿ ಕೂರಿಸಿದೆ. ಕಪ್ಪು ಹಾಗೆಯೇ ಇತ್ತು.

“ಏನೇನು ಆಗ್ತಿದೆ ಹೇಳಿ.”

“ದೀಪ ಬರ್ತದೆ, ಫ್ಯಾನ್ ತಿರುಗ್ತದೆ, ಕುಂಯ್ ಅಂತ ಕೂಗ್ತದೆ.”

“ಅದು ಫ್ಯಾನಿನ ಸದ್ದೇ.”

“ಫ್ಯಾನಿಂದಲ್ಲ. ಬೇರೆ. ನಿಂತು ನಿಂತು ಕೂಗ್ತದೆ.”

“ತಾಯೀ, ಹಳೇ ಫ್ಯಾನು ಹಾಗೇ ಕೂಗೋದು. ಕರೆಂಟಿನ ಡಬ್ಬ ಹೋಗಿದೆ. ಒಳಗಿರುತ್ತಲ್ಲ, ಹಿಂಭಾಗದಲ್ಲಿ, ಚೌಕದ್ದು. ಅದನ್ನ ಬದಲಾಯಿಸ್ಬೇಕು.”

ಅಂಗಡಿಯಿಂದ ಹೊಸ ಡಬ್ಬ ಬಂತು. ಪ್ಲಗ್ ತೆಗೆಸಿದ. ಮೈಯಲ್ಲಿ ಕೂತ ಸಣ್ಣ ಕರೆಂಟು ಯಂತ್ರಕ್ಕೆ ತಾಕಬಾರದೆಂದು ಕಿಟಕಿಯ ಸರಳು ಮುಟ್ಟಿಸಿದ. ಪಕ್ಕದ ತಗಡು ಬಿಚ್ಚಿದೆ. ಒಳಗೆ ಬೂದುಬಣ್ಣದ ಧೂಳು ಹತ್ತಿಯಂತೆ ಕೂತಿತ್ತು. ಅವನು ಹೇಳಿದ ತಿರುಪುಗಳನ್ನು ಒಂದೊಂದಾಗಿ ತೆಗೆದು, ಹಳೆಯ ಡಬ್ಬ ಇಳಿಸಿ, ಹೊಸದನ್ನು ಇಟ್ಟು ಬಿಗಿದೆ. ತಿರುಪು ಕಚ್ಚಿಕೊಳ್ಳುವಾಗ ಅಂಗೈಗೆ ಸಿಗುವ ಆ ಬಿಗಿತ, ಅಮ್ಮನ ಗಡಿಯಾರದ ನಂತರ ಅದೇ ಮೊದಲ ಸಲ ನನಗೆ ನಾನೇ ಸಿಕ್ಕ ಹಾಗಿತ್ತು. ರುದ್ರೇಶ ಟಾರ್ಚ್ ಹಿಡಿದಿದ್ದರು. ಬೆಳಕು ನಡುಗುತ್ತಿತ್ತು. ನನ್ನ ಕೈ ನಡುಗಲಿಲ್ಲ.

ಗುಂಡಿ ಒತ್ತಿದೆ. ದೀಪ ಬಂತು, ಫ್ಯಾನು ತಿರುಗಿತು, ಕುಂಯ್ ಎಂದಿತು. ಪರದೆ ಕಪ್ಪು.

ಕಾಶೀಪತಿ ಎದ್ದು ನಿಂತ. “ನಾನು ಹೇಳೋದೆಲ್ಲ ಹೇಳ್ದೆ” ಎಂದ. ಅದಕ್ಕೆ ನಮ್ಮ ಊರಿನಲ್ಲಿ ಅರ್ಥ ಒಂದೇ. ಹೇಳಿದ್ದು ಸರಿಯಿದ್ದು ಕೆಲಸ ಆಗಲಿಲ್ಲವೆಂದರೆ ಕೈ ಬಂದಿಲ್ಲ. ಗೇಟಿನ ಬಳಿಯಿದ್ದವರು ಸದ್ದು ಮಾಡದೆ ಚದುರಿದರು. ಅವರ ಸೌಜನ್ಯವೇ ನನಗೆ ಚುಚ್ಚಿತು. ತಾಯಕ್ಕ ಮಾತ್ರ ಹೋಗುವ ಮುನ್ನ ತಗ್ಗಿದ ದನಿಯಲ್ಲಿ, “ಬೇಜಾರು ಮಾಡ್ಕೋಬೇಡ ಬನಕ್ಕ. ನಂದೂ ಹಿಂಗೇ ಆಗಿತ್ತು. ಮದುವೆಯಾದ ವರ್ಷ ನನ್ನ ಹೊಲಿಗೆ ಮಿಷನ್ನು. ಇದೇ ಕಾಶೀಪತಿಯೇ ಹೇಳಿದ್ದು. ಆಮೇಲೆ ನಾನು ಮುಟ್ಟಲೇ ಇಲ್ಲ” ಎಂದಳು.

“ಹೋಗ್ಲಿ ಬಿಡು, ಹೊಸದು ತರೋಣ” ಎಂದರು ರುದ್ರೇಶ. ಸಮಾಧಾನಕ್ಕೆಂದು ಆಡಿದ ಮಾತು. ಹೊಸ ಕಂಪ್ಯೂಟರು ತರಬಹುದು, ಹೊಸ ಬನಶಂಕರಿಯನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅತ್ತೆ ಅವತ್ತು ತಾವೇ ಸಾರು ಮಾಡಿ, ನನಗೆ ಬಡಿಸಿ, ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದರು. ಆ ತುಪ್ಪವನ್ನು ನುಂಗುವುದು ನನಗೆ ಬಲು ಕಷ್ಟವಾಯಿತು. ಈ ಮನೆಯಲ್ಲಿ ಹೆತ್ತಿದ್ದೇನೆ, ಮಾವನವರ ಕೊನೆಗಾಲದಲ್ಲಿ ಅವರ ಬಾಯಿಗೆ ಗಂಜಿ ಇಟ್ಟಿದ್ದೇನೆ. ಈ ಮನೆಯ ಯಾವ ಪಾತ್ರೆಗೆ ಎಲ್ಲಿ ತಗ್ಗಿದೆ ಎಂದು ಕತ್ತಲಲ್ಲೂ ಹೇಳಬಲ್ಲೆ. ಇಷ್ಟಾದರೂ ನಾನು ಇಲ್ಲಿಯವಳಲ್ಲ ಎಂದರೆ ಮತ್ತೇನು ಮಾಡಬೇಕಿತ್ತು?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ತಿರುಪುಗಳು ನೆಲದ ಮೇಲೆ ಹರಡಿರುತ್ತವೆ, ಅತ್ತೆಯ ಬರಿಗಾಲಿಗೆ ಚುಚ್ಚಿಕೊಂಡಾವು, ಆರಿಸಿಬಿಡೋಣ ಎಂದು ಪೊರಕೆ ಮೊರ ಹಿಡಿದೇ ಹೋದೆ. ಗುಡಿಸಿದೆ. ಮೊರದಲ್ಲಿ ಒಂದಿಷ್ಟು ಧೂಳು, ಅವರೆಕಾಯಿಯ ಒಂದು ಸಿಪ್ಪೆ. ಮೇಜಿನ ಕೆಳಗೆ ಕೈಹಾಕಿ ತಡಕಿದೆ. ಏನೂ ಇರಲಿಲ್ಲ.

ಪೊರಕೆ ಅಲ್ಲೇ ಬಿಟ್ಟು ಯಂತ್ರವನ್ನು ತಿರುಗಿಸಿ ನೋಡಿದೆ. ತಿರುಪುಗಳು ಬಿಗಿದ ಜಾಗದಲ್ಲೇ ಕೂತಿದ್ದವು. ಉಗುರಿನಿಂದ ಅಲುಗಿಸಿದೆ, ಕದಲಲಿಲ್ಲ. ತಿರುಪುಳಿ ಹಾಕಿ ಹಿಂದಕ್ಕೆ ತಿರುಗಿಸಿ ನೋಡಿದೆ. ಅಷ್ಟು ಸುಲಭಕ್ಕೆ ಬರಲಿಲ್ಲ, ಜೋರು ಹಾಕಬೇಕಾಯಿತು. ಮತ್ತೆ ಬಿಗಿದೆ.

ನೆಲದ ಮೇಲೇ ಕೂತುಬಿಟ್ಟೆ. ಅಳು ಬರುತ್ತದೆಂದುಕೊಂಡಿದ್ದೆ, ಬಂದದ್ದು ನಗು. ಈ ಊರಿನಲ್ಲಿ ಇಷ್ಟು ಜನ, ಇಷ್ಟು ಕಾಲದಿಂದ, ಕೆಲಸ ಕೆಟ್ಟಾಗಲೆಲ್ಲ ಕೈಯದೇ ತಪ್ಪು ಅಂದುಕೊಂಡು ಬಂದಿದ್ದೇವೆ. ನಾಚಿಕೆಯಿಂದ ಅವತ್ತೇ ಬಿಚ್ಚಿ ಮೂಲೆಗೆ ಹಾಕುತ್ತೇವೆ, ಬೆಳಗಿನವರೆಗೆ ಕಾದು ತಿರುಪನ್ನು ನೋಡುವುದಿಲ್ಲ. ನನ್ನ ಕೈ ಬಂದಿತ್ತು. ಎಂದು ಬಂದಿತೋ ತಿಳಿಯದು. ನಾನು ಟಾರ್ಚ್ ಹಿಡಿದು ನಿಂತಿದ್ದ ಯಾವುದೋ ಸಂಜೆ ಸದ್ದಿಲ್ಲದೆ ಬಂದು, ಇಷ್ಟು ವರ್ಷ ನಾನು ಮಾತಾಡಿಸಲೆಂದು ಕಾದಿತ್ತು. ಹಾಗಾದರೆ ತಪ್ಪಿರುವುದು ಹೇಳಿದ್ದರಲ್ಲಿ.

ಕಾಫಿಯ ಹೊತ್ತಿಗೆ, “ಕಾಶೀಪತಿಯನ್ನು ಮತ್ತೆ ಕರೆಸ್ರಿ” ಎಂದೆ.

“ಇನ್ನೊಂದು ಸಲ ಬೀದಿಯೆಲ್ಲಾ ಸೇರಿಸ್ಬೇಕಾ?” ಎಂದರು ಅತ್ತೆ.

“ಸೇರಲಿ ಅತ್ತೆ.”

ಅವನು ಬಂದ. ಈ ಸಲ ಕುರ್ಚಿಯ ತುದಿಯಲ್ಲಿ ಕೂತ, ಹೊರಡುವವನ ಹಾಗೆ. ಜನ ನಿನ್ನೆಗಿಂತ ಹೆಚ್ಚಿದ್ದರು. ತಾಯಕ್ಕ ಕೊಡವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

“ತಾಯೀ, ಕೈ ಬರ್ದೇ ಇರೋದು ಏನೂ ದೊಡ್ಡ ವಿಷಯ ಅಲ್ಲ...” ಎಂದು ಅವನು ಶುರುಮಾಡಿದ.

“ನನ್ನ ಕೈ ಸರಿಯಿದೆ. ನೀವು ಹೇಳಿದ್ದು ಸರಿಯಿಲ್ಲ.”

ಕಾಶೀಪತಿಯ ಮೀಸೆ ಅಲುಗಿತು. “ನಾನು ಹೇಳೋಕೆ ಕೂತು ನಲವತ್ತು ವರ್ಷ ಆಯ್ತು. ನನ್ನ ಮಾತು ತಪ್ಪು ಅಂದವರು ಈ ಊರಲ್ಲಿ ಹುಟ್ಟಿಲ್ಲ.”

“ಹುಟ್ಟಿರಲಿಕ್ಕಿಲ್ಲ. ನಾನು ಹುಟ್ಟಿದ್ದು ಬೇರೆ ಊರಲ್ಲಿ.” ಯಂತ್ರವನ್ನು ಎತ್ತಿ ಹೊಸಿಲ ಈಚೆಗೆ, ಅವನ ಕಣ್ಣಿಗೆ ಬೀಳುವಂತೆ ಇಟ್ಟೆ. “ತಿರುಪು ನೋಡಿ. ನಿನ್ನೆ ಬಿಗಿದದ್ದು, ರಾತ್ರಿ ಕಳೆದಿದೆ. ಎಲ್ಲಾದರೂ ಬಿಚ್ಚಿದೆಯಾ?”

ಅವನು ಬಗ್ಗಿದ. ಕೈಗಳು ಬೆನ್ನ ಹಿಂದೆಯೇ ಇದ್ದವು. ತುಂಬ ಹೊತ್ತು ನೋಡಿದ. ಆಮೇಲೆ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ನೆಟ್ಟಗೆ ಕೂತ. “ಹಚ್ಚಿ” ಎಂದ.

ಅಲ್ಲಿಗೇ ವೈರು ಎಳೆದು ಗುಂಡಿ ಒತ್ತಿದೆ. ಕುಂಯ್ ಎಂದಿತು.

“ಕೇಳಿಸ್ತಾ?”

“ಫ್ಯಾನು ತಾನೇ?”

ಆಗ ನನಗೆ ಹೊಳೆಯಿತು. ಇಷ್ಟು ಹತ್ತಿರದಲ್ಲಿ ಕೂತೂ ಆ ತೆಳ್ಳನೆಯ ಕೂಗು ಅವನ ಕಿವಿಗೆ ಬೀಳುತ್ತಿರಲಿಲ್ಲ. ಅದನ್ನು ಅಷ್ಟು ಜನರ ಮುಂದೆ ಆಡುವುದು ಬೇಡವೆನಿಸಿತು. “ಫ್ಯಾನಿನ ಮೇಲೆ ಇನ್ನೊಂದು ಸದ್ದಿದೆ” ಎಂದು ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದೆ: ಉದ್ದಕ್ಕೆ ಒಂದು ಗೆರೆ, ಸ್ವಲ್ಪ ಬಿಡುವು, ಮತ್ತೆ ಅಷ್ಟೇ ಉದ್ದದ ಗೆರೆ. ಚೌಕ ತುಂಬಿ ಬಿಟ್ಟು ಅಂಚು ಬರೆಯುವವಳಿಗೆ ಅದೇನು ಕಷ್ಟವೇ? “ಹೀಗೆ ಕೂಗಿದರೆ ಏನರ್ಥ?”

ಅವನು ಆ ಕಾಣದ ಗೆರೆಗಳನ್ನೇ ನೋಡುತ್ತಾ ಕೂತ. “ಹೀಗೆ ಕೂಗ್ತಿದೆಯಾ?”

“ನಿನ್ನೆಯಿಂದ ಹೇಳ್ತಿದ್ದೇನೆ.”

“ಹೇಳಿದ್ರಿ” ಎಂದ ಕಾಶೀಪತಿ. ಗಂಟಲಿನ ಗಂಟೆ ಇಳಿದಿತ್ತು. “ಹೇಳಿದ್ರಿ ತಾಯಿ. ಇದು ಕರೆಂಟಿನದ್ದಲ್ಲ. ರ್‍ಯಾಮ್ ಪಟ್ಟಿ. ಒಳಗೆ ಹಸಿರು ಹಲಗೆ ಮೇಲೆ ನಿಂತಿರುತ್ತೆ ನೋಡಿ, ಬಾಚಣಿಗೆ ಹಾಗೆ. ಧೂಳು ಕೂತು ಸರಿಯಾಗಿ ಕಚ್ಚಿಲ್ಲ. ಪ್ಲಗ್ ತೆಗೀರಿ. ಸರಳು ಮುಟ್ಟಿ. ಎರಡೂ ಕಡೆ ಕೊಕ್ಕೆ ಇದೆ, ಒಟ್ಟಿಗೇ ಹಿಂದಕ್ಕೆ ತಳ್ಳಿ.”

ತಗಡು ತೆಗೆದು ಕೊಕ್ಕೆ ತಳ್ಳಿದೆ, ಪಟ್ಟಿ ಮೇಲೆದ್ದು ಬಂತು. ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ನನ್ನ ಪೆನ್ಸಿಲಿನ ರಬ್ಬರಿನಿಂದಲೇ ಉಜ್ಜಿಸಿದ. ಪಟ್ಟಿ ಕೂರುವ ಸಂದಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಸಿದ. “ಈಗ ನೆಟ್ಟಗೆ ಇಟ್ಟು ಒತ್ತಿ. ಹೆದರ್ಬೇಡಿ, ಇನ್ನೂ ಒತ್ತಿ. ಕೊಕ್ಕೆ ತಾನಾಗಿ ಬಂದು ಹಿಡೀಬೇಕು.” ಒತ್ತಿದೆ. ಒಂದು ಕಡೆ ಟಕ್, ಇನ್ನೊಂದು ಕಡೆ ಟಕ್.

ಗುಂಡಿ ಒತ್ತುವ ಮುಂಚೆ ಒಮ್ಮೆ ಅತ್ತೆಯ ಕಡೆ ನೋಡಿದೆ. ಅವರು ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಫ್ಯಾನು ತಿರುಗಿತು. ಪುಟ್ಟದೊಂದು ‘ಟಿಂ’ ಬಂತು, ಒಂದೇ ಒಂದು. ಪರದೆ ಬೂದಾಯಿತು, ನೀಲಿಯಾಯಿತು. ಮೊನ್ನೆ ಅರ್ಧಕ್ಕೆ ಬಿಟ್ಟಿದ್ದ ಹಂಸದ ಅಂಚನ್ನು ತೆರೆದೆ. ಕುತ್ತಿಗೆಯವರೆಗೆ ಮಾತ್ರ ತುಂಬಿದ್ದ ಹಂಸಗಳು ಸಾಲಾಗಿ ನಿಂತಿದ್ದವು.

ಜಗಲಿಯಲ್ಲಿ ಗದ್ದಲವೆದ್ದಿತು. ರುದ್ರೇಶ ಟಾರ್ಚ್ ಆರಿಸುವುದನ್ನೇ ಮರೆತು, ಹಗಲು ಬೆಳಕಿನಲ್ಲಿ ಅದನ್ನು ನನ್ನ ಮುಖಕ್ಕೆ ಹಿಡಿದು ನಿಂತಿದ್ದರು. “ನೋಡ್ರಪ್ಪಾ, ನಮ್ಮನೆಯೋಳು!” ಎಂದರು ಎಲ್ಲರಿಗೂ. ಆ ಪದವನ್ನು ಅವರು ದಿನಕ್ಕೆ ಹತ್ತು ಸಲ ಆಡುತ್ತಾರೆ, ಅವತ್ತು ನಾನು ಅದನ್ನು ಬಿಟ್ಟುಕೊಡದೆ ಪೂರ್ತಿ ತೆಗೆದುಕೊಂಡೆ. ತಲೆ ತಗ್ಗಿಸಲಿಲ್ಲ. ಬೀದಿಯನ್ನೆಲ್ಲ ನೇರವಾಗಿ ನೋಡಿದೆ.

ಗದ್ದಲ ಇಳಿದಾಗ ತಾಯಕ್ಕನ ದನಿ ಕೇಳಿತು. ಅವಳು ಜಗಲಿಯ ಮೆಟ್ಟಿಲವರೆಗೆ ಬಂದಿದ್ದಳು. “ಹಾಗಾದ್ರೆ ಕಾಶೀಪತಣ್ಣ, ನನ್ನ ಹೊಲಿಗೆ ಮಿಷನ್ನು?”

ಕಾಶೀಪತಿ ಅವಳ ಕಡೆ ತಿರುಗಿದ. ಬೆನ್ನ ಹಿಂದಿನ ಕೈಗಳು ಮುಂದೆ ಬಂದು ಮಡಿಲಲ್ಲಿ ಬಿದ್ದಿದ್ದವು. ಹಾಗೆ ಅವನ ಕೈಗಳನ್ನು ನಾವ್ಯಾರೂ ನೋಡಿರಲಿಲ್ಲ. ಮುದಿ ಕೈಗಳು. ಆಮೇಲೆ ಎದ್ದು, ಕುರ್ಚಿಯನ್ನು ತಾನೇ ಮಡಚಿಕೊಂಡು, “ನಡಿಯವ್ವ, ಮತ್ತೆ ಹೇಳ್ತೀನಿ. ಈ ಸಲ ನೀನೂ ಹೇಳು, ನಾನೂ ಕೇಳ್ತೀನಿ” ಎಂದು ಅವಳ ಹಿಂದೆ ಎದುರುಮನೆಯ ಕಡೆ ಹೊರಟ. ಜನವೆಲ್ಲ ಆ ಜಗಲಿಗೆ ಹರಿಯಿತು.

ಸಂಜೆ ನಾನು ಹಂಸದ ಬೆನ್ನು ತುಂಬುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಪರದೆಯ ಹತ್ತಿರ ಬಗ್ಗಿದಾಗ ದಾರ ಜಾರಿ, ಕನ್ನಡಕ ಮೂಗಿನ ತುದಿಗೆ ಬಂತು. ಅದನ್ನು ತೆಗೆದು ನನ್ನ ಮುಂದೆ ಇಟ್ಟರು.

“ಹೇಗೂ ಕೂತಿದ್ದೀಯಲ್ಲ. ಇದರ ತಿರುಪೂ ಒಂದು ಹಾಕಿಬಿಡು.”

ಅದು ಮುರಿದದ್ದಾಗಿರಲಿಲ್ಲ. ಕಡ್ಡಿಯ ಬುಡದ ತಿರುಪು ಬಿದ್ದುಹೋಗಿತ್ತು, ಅಷ್ಟೆ. “ಇಷ್ಟಕ್ಕೆ ಇಷ್ಟು ವರ್ಷ ದಾರ ಕಟ್ಟಿಕೊಂಡಿದ್ರಾ ಅತ್ತೆ? ಇವರಿಗೆ ಹೇಳಬಾರದಿತ್ತಾ?”

“ಅವನಿಗೆ ಹೇಳಿದ್ರೆ, ಇಷ್ಟೇ ತಾನೇ, ನೀನೇ ತಿರುಗಿಸ್ಕೋ ಅಂದ್ಬಿಟ್ರೆ?” ಎಂದರು ಅತ್ತೆ. “ಹದಿನಾರಕ್ಕೆ ಬಂದೆ ಕಣೆ ಈ ಮನೆಗೆ. ಒಂದು ಮೊಳೆ ಹೊಡೆದಿಲ್ಲ” ಎಂದರು.

ನಾನು ಅವರ ಮುಖ ನೋಡಿದೆ. ಕನ್ನಡಕವಿಲ್ಲದ ಆ ಕಣ್ಣುಗಳಲ್ಲಿ, ಪೊರಕೆ ಹಿಡಿದು ಹೋದ ನನ್ನ ಬೆಳಗಿನ ಹೆದರಿಕೆಯೇ ಇತ್ತು. ನನಗಿಂತ ಎಷ್ಟೋ ವರ್ಷ ಹಳೆಯದು.

ರುದ್ರೇಶ ತಮ್ಮ ಡಬ್ಬಿಯಲ್ಲಿ ಹುಡುಕಿ, ಗಡಿಯಾರದ್ದೊಂದು ಸಣ್ಣ ತಿರುಪು, ಅತಿ ಸಣ್ಣ ತಿರುಪುಳಿ ಎರಡನ್ನೂ ಮೇಜಿನ ಮೇಲೆ ಸುರಿದರು. ನಾನು ತಿರುಪನ್ನು ಮುಟ್ಟಲಿಲ್ಲ. ಕಡ್ಡಿಯನ್ನು ಜೋಡಿಸಿ ಹಿಡಿದು, ತಿರುಪುಳಿಯನ್ನು ಅತ್ತೆಯ ಕೈಗೆ ಕೊಟ್ಟೆ.

“ನೀವೇ ಹಾಕಿ. ನಾನು ಹೇಳ್ತೀನಿ.”

“ನನಗೆ ಕಣ್ಣು ಕಾಣಲ್ಲ.”

“ಕಣ್ಣು ಬೇಕಾಗಿಲ್ಲ. ಸೀಳಿಗೆ ಕೂತಾಗ ಕೈಗೇ ಗೊತ್ತಾಗುತ್ತೆ.”

ಅವರು ತುಂಬ ಹೊತ್ತು ತಡಕಾಡಿದರು. ಒಮ್ಮೆ ತಿರುಪು ಬಿದ್ದಿತು, ಹುಡುಕಿ ಕೊಟ್ಟೆ. ಬೈದರು, ನನ್ನನ್ನೋ ತಿರುಪನ್ನೋ ತಿಳಿಯಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅವರ ಮುಖ ಬದಲಾಯಿತು. ತಿರುಪು ಕಚ್ಚಿಕೊಂಡಿದೆ ಎಂದು ನನಗೆ ತಿಳಿಯಿತು. ರಾತ್ರಿ ಮಲಗುವಾಗ ಕಪ್ಪು ದಾರವನ್ನು ಬಿಚ್ಚಿ ದಿಂಬಿನ ಕೆಳಗೆ ಇಟ್ಟುಕೊಂಡರು, ಬೆಳಿಗ್ಗೆ ಬೇಕಾದೀತೆಂದು. ಕನ್ನಡಕವನ್ನು ಪಕ್ಕದ ಸ್ಟೂಲಿನ ಮೇಲೆ ಮಡಚಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ನಾನು ಆ ಕೋಣೆಗೆ ಹೋಗಲಿಲ್ಲ. ಅದು ಅವರ ಬೆಳಗು. ಹಾಲಿಟ್ಟೆ, ಡಿಕಾಕ್ಷನ್ ಇಳಿಸಿದೆ, ಲೋಟಗಳನ್ನು ಜೋಡಿಸಿದೆ, ಕಿವಿ ಮಾತ್ರ ಅಲ್ಲೇ ಇತ್ತು. ಮಂಚ ಕಿರ್ ಎಂದಿತು. ಆಮೇಲೆ ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಕೊನೆಗೆ ಕಾಲ ಸಪ್ಪಳ ಬಂತು. ಅತ್ತೆ ಅಡುಗೆಮನೆಗೆ ಬಂದು, ನನ್ನ ಕಡೆ ನೋಡದೆ, ಗೂಡಿನಿಂದ ತಮ್ಮ ಸ್ಟೀಲ್ ಲೋಟ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಸುತ್ತು ತಿರುಗಿಸಿದರು.

“ಬುಡದಲ್ಲಿ ಜಿಡ್ಡು ಹಾಗೇ ಇದೆ” ಎಂದರು. “ಇಷ್ಟು ವರ್ಷ ಹೀಗೇ ತೊಳೀತಿದ್ಯೇನೇ?”

ಕನ್ನಡಕದ ಎರಡೂ ಕಡ್ಡಿಗಳು ನೆಟ್ಟಗೆ ಕೂತಿದ್ದವು. ಅವರ ಕಿವಿಯ ಮೇಲೆ ದಾರವಿರಲಿಲ್ಲ.

“ಹೂಂ ಅತ್ತೆ, ಹೀಗೇ ತೊಳೀತಿದ್ದೆ” ಎಂದು ಲೋಟ ಇಸಿದುಕೊಂಡು, ಅವರು ನೋಡುತ್ತಿರುವಂತೆಯೇ ಮತ್ತೊಮ್ಮೆ ಉಜ್ಜತೊಡಗಿದೆ.